ನೂರಿಪ್ಪತ್ತೇಳು ಡಿಗ್ರಿಯ ಮಹನೀಯರಿಗೆ

ಮಾನ್ಯರೇ,

ನನ್ನ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ‘ತಾಪಮಾನ ಮೂರು’ ಎಂಬ ನಾಮಧೇಯದಿಂದ ವಿರಾಜಮಾನರಾಗಿರುವ ಸೆನ್ಸರ್ ಮಹಾಶಯರಾದ ತಮ್ಮ ಪಾದಗಳಿಗೆ, ಅವು ಎಲ್ಲಿವೆಯೆಂದು ಪತ್ತೆಯಾದ ಕೂಡಲೇ ಸಲ್ಲುವಂತೆ, ಈ ಕಾರ್ಟೂನುಗಾರ್ತಿಯ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಬೀದಿಯ ಹಲ್ಲಿನ ಡಾಕ್ಟರಮ್ಮನವರು, ತಮ್ಮ ಕುರ್ಚಿ ಕಂಡೊಡನೆ ಬಾಯಿಗೆ ಬೀಗ ಹಾಕಿಕೊಳ್ಳುವ ಮಕ್ಕಳಿಗಾಗಿ ಹಲ್ಲುಜ್ಜಿಕೊಳ್ಳುವ ಮೊಸಳೆಯ ಪುಟ್ಟ ಅನಿಮೇಷನ್ ಚಿತ್ರವೊಂದನ್ನು ಕೇಳಿದ್ದರೆಂಬುದೂ, ಅದು ನನ್ನ ಮೊಟ್ಟಮೊದಲ ಕೆಲಸವೆಂಬುದೂ, ನಿನ್ನೆ ಸಂಜೆಯೊಳಗೆ ಒಪ್ಪಿಸಬೇಕಿತ್ತೆಂಬುದೂ ತಮ್ಮ ಗಮನಕ್ಕೆ ಬಂದಿರಲೇಬೇಕು. ಇಲ್ಲವಾದರೆ ಮೊಸಳೆ ಬ್ರಷ್ಷು ಎತ್ತಿದಾಗಲೆಲ್ಲ ತಾವು ೧೨೭ ಡಿಗ್ರಿ ಎಂದು ಘೋಷಿಸಿ, ಕಾವಲಿನ ಸಾಫ್ಟ್‌ವೇರ್ ಗಾಬರಿಬಿದ್ದು ಕಂಪ್ಯೂಟರನ್ನೇ ಆರಿಸಿಬಿಡುವಂತೆ ಮಾಡುತ್ತಿರಲಿಲ್ಲ.

ತಮ್ಮ ಮಾತಿಗೆ ನಮ್ಮ ಮನೆಯಲ್ಲಿ ಸಿಕ್ಕ ಮರ್ಯಾದೆಯನ್ನು ತಾವು ನೋಡಬೇಕಿತ್ತು. ಅಗ್ನಿಶಾಮಕ ದಳದಿಂದ ನಿವೃತ್ತರಾದ ಮಾವನವರು ಮರಳಿನ ಬಕೆಟ್ ಹಿಡಿದು “ಎಲ್ರೂ ಹಿಂದೆ ಸರೀರಿ!” ಎಂದು ಗರ್ಜಿಸಿದರು; ಅತ್ತೆ ಜ್ವರದ ಥರ್ಮಾಮೀಟರನ್ನು ಪೆಟ್ಟಿಗೆಯ ಕಿಂಡಿಗೆ ತೂರಿಸಿ “ಪಾಪ, ಇದಕ್ಕೇನೂ ಆಗಿಲ್ಲ ಕಣೇ” ಎಂದರು; ನಮ್ಮ ಯಜಮಾನರು ರಟ್ಟಿನಿಂದ ಗಾಳಿ ಬೀಸಿ ಬೀಸಿ ಸುಸ್ತಾಗಿ, ಕಡೆಗೆ ಅವರಿಗೇ ಗಾಳಿ ಬೀಸಬೇಕಾಯಿತು. ನಾನು ಮೂಲೆಯಲ್ಲಿ ಕೂತು ಮೊಸಳೆಗಿಂತ ದೊಡ್ಡ ಬಾಯಿ ತೆರೆದು ಅತ್ತುಬಿಟ್ಟೆ.

ಊಟ ಮುಗಿಸಿ ಬಂದು, ಅಷ್ಟು ಹೊತ್ತೂ ಆರಿ ತಣ್ಣಗಾಗಿದ್ದ ಕಂಪ್ಯೂಟರನ್ನು ಮತ್ತೆ ಹಚ್ಚಿದರೆ, ಪ್ರೊಸೆಸರಿನ ಸ್ವಂತ ಸೆನ್ಸರ್ ಸಂಕೋಚದಿಂದ ೩೧ ಎಂದಿತು. ತಾವು ಮಾತ್ರ ಆ ಕ್ಷಣವೇ ಮತ್ತೆ ೧೨೭ ಎಂದಿರಿ. ಒಂದು ಲೋಟ ನೀರು ಕುದಿಯುವುದಕ್ಕೂ ಸ್ವಲ್ಪ ಹೊತ್ತು ಬೇಕಲ್ಲವೇ, ಮಹಾಶಯರೇ? ಅನುಮಾನ ಬಂದು ಬೋರ್ಡು ಮಾರಿದ ಅಂಗಡಿಗೆ ಫೋನು ಮಾಡಿದೆ.

“ಆ ಜಾಗದಲ್ಲಿ ಸೆನ್ಸರ್ರೇ ಕೂರಿಸಿಲ್ಲ ಮೇಡಂ,” ಎಂದಿತು ಆ ಕಡೆಯ ದನಿ. “ಖಾಲಿ ತುದಿ ಅದು, ಬಾಯಿಗೆ ಬಂದಿದ್ದು ಹೇಳುತ್ತೆ. ನೀವು ಪ್ರೊಸೆಸರಿಂದು ಮಾತ್ರ ನೋಡಿ.”

ಇದ್ದೂ ಕೆಲಸ ಮಾಡದವರನ್ನು ಬಹಳ ಮಂದಿ ಕಂಡಿದ್ದೇನೆ. ಇಲ್ಲದೆಯೇ ಇಷ್ಟೊಂದು ಕೆಲಸ ಮಾಡಿದ ತಮ್ಮ ಕರ್ತವ್ಯನಿಷ್ಠೆಗೆ ತಲೆಬಾಗಿದೆ. ತಾವು ದೊಡ್ಡ ಮನಸ್ಸು ಮಾಡಿ ಮೊದಲು ಅಸ್ತಿತ್ವಕ್ಕೆ ಬಂದು, ಆಮೇಲೆ ರಾಜೀನಾಮೆ ಕೊಡಬೇಕೆಂದು ವಿನಂತಿ.

ತಮ್ಮ ಮಾತು ಕೇಳಬಾರದೆಂದು ಕಾವಲಿನ ಸಾಫ್ಟ್‌ವೇರ್‌ಗೆ ತಾಕೀತು ಮಾಡಿದ ಮೇಲೆ ಮೊಸಳೆ ಒಂದೇ ಉಸಿರಿಗೆ ಹಲ್ಲುಜ್ಜಿ ಮುಗಿಸಿತು. ಪ್ರೊಸೆಸರ್ ೬೮ ದಾಟಲಿಲ್ಲ. ಮಾವನವರು ಬಕೆಟ್ ಕೆಳಗಿಡಲೂ ಇಲ್ಲ. ಇಂದು ಬೆಳಗ್ಗೆ ಡಾಕ್ಟರಮ್ಮನವರ ಕುರ್ಚಿಯಲ್ಲಿ ಕೂತು ಮೊಸಳೆಯ ಚಿತ್ರ ನೋಡುತ್ತ ಪುಟ್ಟ ಹುಡುಗಿಯೊಬ್ಬಳು ಬಾಯ್ತುಂಬ ನಕ್ಕಾಗ, ಸಿಕ್ಕಿದ್ದೇ ಸಮಯವೆಂದು ಡಾಕ್ಟರಮ್ಮ ಅವಳ ಹಲ್ಲುಗಳನ್ನೆಲ್ಲ ನೋಡಿಬಿಟ್ಟರಂತೆ! ಈಗ ನೀರಾನೆಯ ಚಿತ್ರ ಬೇಕಂತೆ!

ಯಾವ ಡಿಗ್ರಿಯಲ್ಲೂ ತಮ್ಮ ವಿಶ್ವಾಸಿ,
ಮೊಸಳೆಯಮ್ಮ

ತಾ.ಕ.: ಪರದೆಯ ಮೂಲೆಯಲ್ಲಿ ತಾವು ಇದೀಗ ಮೈನಸ್ ಐವತ್ತೈದು ಎನ್ನುತ್ತಿದ್ದೀರಿ. ನಮ್ಮ ಫ್ರಿಜ್ಜು ಕೆಟ್ಟಿದೆ. ಅತ್ತೆ ಐಸ್ ಟ್ರೇಗೆ ನೀರು ತುಂಬಿಕೊಂಡು ಕಂಪ್ಯೂಟರಿನ ಪಕ್ಕದಲ್ಲೇ ನಿಂತಿದ್ದಾರೆ. ದಯವಿಟ್ಟು ಒಂದೇ ಒಂದು ಗಂಟೆ ಆಡಿದ ಮಾತಿಗೆ ನಿಲ್ಲಿ.