ಆರು ಗುಂಡಿ, ಹನ್ನೊಂದು ಸೆಕೆಂಡು

ಡಿವಿಡಿಗೆ ದೃಶ್ಯಪಟ್ಟಿ ಜೋಡಿಸಿಕೊಡುವ ತಂತ್ರಾಂಶ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಊರಿನ ಯಾವ ಬೀಗವನ್ನಾದರೂ ತಂತಿಯ ತುದಿಯಲ್ಲಿ ತೆರೆಯಬಲ್ಲ, ಆದರೆ ತಮ್ಮೆದುರು ನಾಲ್ಕು ದಿನ ತಲೆ ಚಚ್ಚಿಕೊಂಡ ಬೀಗ ರಿಪೇರಿಯವನೊಬ್ಬನ ಸವಿನಯ ವಂದನೆಗಳು. ತಾವೂ ತಮ್ಮ ಪರಿವಾರದ ಬಾಣದ ಗುರುತುಗಳೂ ಕ್ಷೇಮವೆಂದು ನಂಬಿದ್ದೇನೆ.

ಅಮ್ಮನಿಗೆ ಎಪ್ಪತ್ತು ತುಂಬುವ ದಿನಕ್ಕೆಂದು ಅಕ್ಕನ ಮದುವೆಯ ಹಳೆಯ ಕ್ಯಾಸೆಟ್ಟನ್ನು ಡಿವಿಡಿಗೆ ಇಳಿಸಿದೆ. ಅದನ್ನು ಚಿತ್ರೀಕರಿಸಿದವರು ಅಪ್ಪ. ಎರಡು ಗಂಟೆಯೂ ಕ್ಯಾಮೆರಾದ ಹಿಂದೆಯೇ ನಿಂತಿದ್ದವರು, ಯಾರೋ ಅದನ್ನು ಕಸಿದುಕೊಂಡಾಗ ಮಾತ್ರ ಹನ್ನೊಂದು ಸೆಕೆಂಡು ಮುಂದೆ ಬಂದು, "ಅಯ್ಯೋ, ನನ್ನನ್ಯಾಕೆ ಹಿಡೀತೀಯ, ಅವಳ ಕಡೆ ತಿರುಗಿಸು!" ಎಂದು ಅಮ್ಮನತ್ತ ಕೈ ತೋರಿಸಿ ನಗುತ್ತಾರೆ. ಅವರು ತೀರಿಕೊಂಡ ಮೇಲಿನ ಈ ಮೂರು ವರ್ಷ, ಆ ಕ್ಯಾಸೆಟ್ಟಿನ ಹೆಸರೆತ್ತಿದರೆ ಅಮ್ಮ ಎದ್ದು ಹೋಗುತ್ತಿದ್ದಳು. ಆ ತುಣುಕನ್ನು ದಾಟಿ ಉಳಿದದ್ದನ್ನಾದರೂ ನೋಡಲಿ ಎಂದೇ ನನಗೆ ದೃಶ್ಯಪಟ್ಟಿ ಬೇಕಾಗಿತ್ತು.

ಆರು ದೃಶ್ಯ, ಆರು ಗುಂಡಿ, ಒಂದೊಂದಕ್ಕೂ ಪುಟ್ಟ ಚಿತ್ರ: ಬೇಡಿದ್ದು ಇಷ್ಟೇ. ತಾವಾದರೋ ಮದುಮಗಳ ಚಿತ್ರಕ್ಕೆ ಅಕ್ಕ ಸೀನುವ ಶುಭಗಳಿಗೆಯನ್ನೂ ಭಾವನ ಭಾಷಣಕ್ಕೆ ಅವರ ಎಡಗಾಲಿನ ಬೂಟನ್ನೂ ಆರಿಸಿದಿರಿ. ನಾನು ಬದಲಿಸಿದೆ, ತಾವು ಮತ್ತೆ ಬೂಟಿಗೇ ಮರಳಿದಿರಿ. ಇಂಥ ಛಲ ನನಗಿದ್ದಿದ್ದರೆ ನಾನು ಎಲ್ಲೋ ಇರುತ್ತಿದ್ದೆ.

ಅಮ್ಮನ ಹುಟ್ಟುಹಬ್ಬದ ದಿನ ನೆಂಟರೆಲ್ಲ ಸೋಫಾದಲ್ಲಿ ಒತ್ತಿಕೊಂಡು ಕುಳಿತ ಮೇಲೆ ಭಾವ ಗಂಟಲು ಸರಿಮಾಡಿಕೊಂಡು ತಮ್ಮ ಭಾಷಣದ ಗುಂಡಿ ಒತ್ತಿದರು. ಅಪ್ಪ ಬಂದರು. ಊಟದ ಗುಂಡಿ ಒತ್ತಿದರೆ ಅಪ್ಪ, ಮಕ್ಕಳ ಕುಣಿತಕ್ಕೂ ಅಪ್ಪನೇ. ದಾಟಬೇಕಾದ ಹನ್ನೊಂದು ಸೆಕೆಂಡಿಗೇ ತಾವು ಆರೂ ಗುಂಡಿಗಳನ್ನು ಗಂಟುಹಾಕಿದ್ದಿರಿ. ನಾನು ಟಿವಿ ಆರಿಸಲು ಎದ್ದೆ.

"ಕೂತ್ಕೊಳ್ಳೋ ಸುಮ್ನೆ," ಎಂದಳು ಅಮ್ಮ. "ಇನ್ನೊಂದು ಒತ್ತಿ. ಎಲ್ಲಿಗೆ ತಪ್ಪಿಸ್ಕೊಂಡು ಹೋಗ್ತಾರೆ, ನೋಡೇಬಿಡೋಣ!"

ಮತ್ತೆ ಅಪ್ಪ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು, ಆಮೇಲೆ ರಿಮೋಟನ್ನು ಮಡಿಲಿಗೆ ಸೇರಿಸಿಕೊಂಡವಳು ಯಾರಿಗೂ ಕೊಡಲಿಲ್ಲ.

ಆದ್ದರಿಂದ ಈ ದೋಷವನ್ನು ತಾವು ದಯವಿಟ್ಟು ಸರಿಪಡಿಸಕೂಡದೆಂದು ಕೋರುತ್ತೇನೆ. ಸಾಧ್ಯವಾದರೆ ಹನ್ನೊಂದನ್ನು ಹನ್ನೆರಡು ಸೆಕೆಂಡು ಮಾಡಿಕೊಡಿ. ಕೊನೆಯಲ್ಲಿ ಅಪ್ಪ ಇನ್ನೇನೋ ಹೇಳಲು ಬಾಯಿ ತೆರೆದಿದ್ದಾರೆ. ಅದೇನೆಂದು ಅಮ್ಮನಿಗೆ ತಿಳಿಯಬೇಕಂತೆ.

ಕೀಲಿಕೈ ಕೆಳಗಿಟ್ಟು ಕೈಮುಗಿದಿರುವ
ತಮ್ಮ ವಿಶ್ವಾಸಿ,
ಬೀಗ ರಿಪೇರಿಯವ

ತಾ.ಕ.: "ನಿಮ್ಮ ಸಮಸ್ಯೆ ಬಗೆಹರಿಯಿತೇ?" ಎಂದು ತಾವು ಕಾಳಜಿಯಿಂದ ಕೇಳಿದ್ದಕ್ಕೆ 'ಹೌದು', 'ಇಲ್ಲ' ಎರಡನ್ನೂ ಒತ್ತಿ ನೋಡಿದೆ. ಎರಡೂ ತಮ್ಮ ಹೊಸ ಆವೃತ್ತಿಯ ಜಾಹೀರಾತಿಗೇ ಕರೆದೊಯ್ದವು. ಅಲ್ಲಿ ಮಾತ್ರ ಚಿತ್ರ ಬಹಳ ಚೆನ್ನಾಗಿದೆ. ಒಂದು ಬೂಟೂ ಕಾಣಲಿಲ್ಲ.