ಮುಗಿದ ಗೋಡೆಗೆ ತೂಗುಗುಂಡು

೧೯೯೧ರಲ್ಲಿ, ಏಳನೆಯ ತರಗತಿಯ ನಡುವೆಯೇ ನಾನು ಶಾಲೆ ಬಿಟ್ಟೆ. ಗಣಿತದ ಮಾಸ್ತರರು ಬೋರ್ಡಿನ ಮೇಲೆ ಎಳೆದ ಗೆರೆ ಸೊಟ್ಟಗಿದೆ ಎಂದಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು. ಇಳಿದವನು ನೇರ ಗೌಂಡಿ ಕೆಲಸಕ್ಕೆ ಹೋದೆ. ಅಂದಿನಿಂದ ಅಂಬೇವಾಡಿಯಲ್ಲಿ ನಾನು ಕಟ್ಟಿದ ಗೋಡೆಗೆ ಒಬ್ಬರೂ ಬೆರಳು ತೋರಿಸಿರಲಿಲ್ಲ. ಹೀಗಿರುವಾಗ ಮನೆಯಾಕೆಯ ಕೈಗೆ ಮೊಬೈಲು ಬಂತು.

ಫೋಟೋ ತೆಗೆಯುವುದನ್ನು ಅವಳು ವಿಡಿಯೋ ನೋಡಿ ಕಲಿಯುತ್ತಿದ್ದಾಳೆ. ಗೆರೆ, ನೆರಳು, ಆಕಾರ, ಖಾಲಿ ಜಾಗ, ಇವೇ ಚಿತ್ರದ ಜೀವವಂತೆ. ಉಳವಿಗೆ ಹೋದಾಗ ಎಲ್ಲರೂ ಗುಡಿಯ ಮುಂದೆ ನಿಂತು ತೆಗೆಸಿಕೊಂಡರೆ ಇವಳು ಮೆಟ್ಟಿಲಿನ ಅಂಚನ್ನಷ್ಟೇ ತೆಗೆದಳು. ನನ್ನದೂ ಒಂದು ತೆಗೆದಳು. ಅದರಲ್ಲಿ ನಾನು ಮೂಲೆಯಲ್ಲಿ ಜಿರಳೆಯಷ್ಟು. "ಉಳಿದ ಜಾಗಾ ಯಾರ್ದ?" ಎಂದೆ. "ಖಾಲಿ ಇರ್ಲಿರಿ. ಎಲ್ಲಾ ನೀವ ತುಂಬಿದ್ರ ಚಿತ್ರಕ್ಕ ಉಸಿರ ಕಟ್ಟತೈತಿ" ಎಂದಳು.

ಆಮೇಲೆ ಅವಳ ಕಣ್ಣು ಪಕ್ಕದ ಮನೆಯ ಬಸಣ್ಣನವರ ಕಂಪೌಂಡ್ ಗೋಡೆಯ ಮೇಲೆ ಬಿತ್ತು. ಕಟ್ಟಿದವನು ನಾನೇ. ಬೆಳಿಗ್ಗೆ ಒಂದು ಫೋಟೋ, ಬಿಸಿಲು ಬಾಗಿದಾಗ ಇನ್ನೊಂದು. ಗೋಡೆಯ ಚಿತ್ರವನ್ನು ಯಾರಾದರೂ ಸುಮ್ಮನೆ ತೆಗೆಯುತ್ತಾರೆಯೇ? ಹಳಿಯಾಳದಲ್ಲಿರುವ ಅವಳ ಅಣ್ಣನೂ ಗೌಂಡಿ. ಬಸಣ್ಣನವರು ಮಾಳಿಗೆ ಕಟ್ಟಿಸುವ ಕೆಲಸವನ್ನು ನನಗೆ ಕೊಡುವುದರಲ್ಲಿದ್ದರು. ಅದರ ಮೇಲೆ ಈ ಅಣ್ಣನ ಕಣ್ಣೂ ಇತ್ತು. ನನ್ನ ಗೋಡೆಯ ಕೊರತೆ ತೋರಿಸಲು ಅವನೇ ತಂಗಿಯಿಂದ ಫೋಟೋ ತೆಗೆಸುತ್ತಿರಬೇಕು. ಅವಳು ಸ್ನಾನಕ್ಕೆ ಹೋದದ್ದೇ ತಡ, ಮೊಬೈಲು ತೆರೆದೆ. ನನ್ನ ಗೋಡೆ ವಾಲಿ ನಿಂತಿತ್ತು!

ಮುಗಿದ ಗೋಡೆಗೆ ತೂಗುಗುಂಡು ಹಿಡಿದು ನೆಟ್ಟಗಿದೆಯೇ ಎಂದು ನೋಡಬಾರದು ಎಂದು ನಮ್ಮ ಕಸುಬಿನವರು ಹೇಳುತ್ತಾರೆ. ಹಿಡಿದವನಿಗೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲ ಎಂದರ್ಥ. ಗೊತ್ತಿದ್ದೂ ದಾರ, ಗುಂಡು ಹಿಡಿದು ಓಡಿದೆ. ಗೋಡೆಯ ತಲೆಯಿಂದ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದೆ. ಕೂದಲೆಳೆಯಷ್ಟೂ ಓರೆಯಿಲ್ಲ. ಉಸಿರು ಬಿಟ್ಟು ತಿರುಗಿದರೆ, ಚಹಾ ಕಪ್ಪು ಹಿಡಿದ ಬಸಣ್ಣನವರು.

"ಯಾಕೋ ತಮ್ಮಾ, ಎರಡ ವರ್ಷದ ಮ್ಯಾಲೆ ಗುಂಡ ಹಿಡದ ನೋಡಾಕತ್ತೀಯಲ್ಲ? ವಾಲೈತೇನು?"

"ಇಲ್ರಿ ಅಣ್ಣಾರ, ಸುಮ್ನ..."

"ಸುಮ್ನ ಯಾರರ ನೋಡ್ತಾರೇನು? ತಾ ಇಲ್ಲೆ, ನಾನೂ ನೋಡ್ತೇನಿ."

ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ತಲೆ ಒರೆಸಿಕೊಳ್ಳುತ್ತ, "ಮೊಬೈಲ್ ನಾನ ವಾರಿ ಹಿಡದಿದ್ನಿರಿ. ಗೆರಿ ವಾರಿ ಆದ್ರ ಚಿತ್ರ ಓಡಿದಂಗ ಕಾಣತೈತಿ. ಅಷ್ಟ ನೆಟ್ಟಗಿನ ಗೆರಿ ಊರಾಗ ಇನ್ನೊಂದ ಎಲ್ಲೈತಿ? ಅದಕ್ಕ ನಿಮ್ಮ ಗ್ವಾಡಿನ ತೆಗದ್ನಿ" ಎಂದಳು. ಅಣ್ಣನ ಸುದ್ದಿ ಎತ್ತದೆ, ಉಳಿದ ಫೋಟೋಗಳನ್ನೂ ತೋರಿಸು ಎಂದೆ.

ಬಸಣ್ಣನವರು ಈಗ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಗೋಡೆ ವಾಲಿದೆಯೇ ಎಂದು ನೋಡುತ್ತಾರೆ. ಮಾಳಿಗೆಯ ಮಾತು ಎತ್ತುವುದಿಲ್ಲ. ಸದ್ಯ ನನ್ನ ಬಳಿ ಇರುವುದು ಎರಡು ಕರಣಿ, ಒಂದು ಮಟ್ಟಪಟ್ಟಿ, ನೆಟ್ಟಗಿನ ಗೋಡೆಯ ಓರೆ ಫೋಟೋ ಹದಿನಾಲ್ಕು. ಗುಂಡು ಇಲ್ಲ; ಬಸಣ್ಣನವರು ಇನ್ನೂ ಮರಳಿ ಕೊಟ್ಟಿಲ್ಲ.