ನನ್ನ ಹೆಸರಿನ ಧೂಮಕೇತು

ಕಳೆದ ತಿಂಗಳು ಒಂದು ಸಂಜೆ ತಾರಸಿಯ ಮೇಲೆ ನಿಂತು ನಾನು ನಾದಿನಿಗೆ ಶುಕ್ರಗ್ರಹವನ್ನು ತೋರಿಸಿದೆ. ಅದರ ತೇಜಸ್ಸು, ಅದನ್ನು ಮುಸುಕಿದ ಸುಡುಮೋಡಗಳು, ಅದರ ಮುಂದೆ ಮನುಷ್ಯನ ಅಲ್ಪತನ, ಎಲ್ಲವನ್ನೂ ಗಂಭೀರವಾಗಿ ವಿವರಿಸುತ್ತಿದ್ದಾಗ ಶುಕ್ರಗ್ರಹ ಕಿರ್ರೆಂದು ಸದ್ದು ಮಾಡಿ, ಎಡಕ್ಕೆ ತಿರುಗಿ, ಒಂದು ಕಟ್ಟು ಕಬ್ಬಿಣದ ಸರಳುಗಳನ್ನು ಎತ್ತಿಕೊಂಡು ಹೋಯಿತು.

"ಅತ್ತಿಗೆ, ಅದು ಹಿಂದಿನ ಬೀದೀಲಿ ಕಟ್ಟಡ ಕಟ್ತಿರೋ ಕ್ರೇನು. ತುದೀಲಿ ದೀಪ ಹಾಕಿದ್ದಾರೆ ಅಷ್ಟೇ," ಎಂದಳು ನಾದಿನಿ, ಕೈಯಿಂದ ಬಾಯಿ ಮುಚ್ಚಿಕೊಂಡು. (ಮುಚ್ಚಿದ್ದು ಬಾಯಿ ಮಾತ್ರ, ನಗು ಎರಡು ಬೀದಿಗೆ ಕೇಳಿಸಿತು.)

ಇಂಥ ಅವಮಾನಗಳನ್ನು ನುಂಗಿಕೊಳ್ಳದೆ ಯಾರೂ ಖಗೋಳಜ್ಞರಾಗುವುದಿಲ್ಲ. ನಮ್ಮ ಯಜಮಾನರದು ಕನ್ನಡಕದಂಗಡಿ. ಅಲ್ಲಿ ಗಾಜಿನ ಕಪಾಟಿನೊಳಗೆ ಬರೀ ಅಲಂಕಾರಕ್ಕೆ ನಿಂತಿದ್ದ ದೂರದರ್ಶಕವನ್ನು ಮನೆಗೆ ಹೊತ್ತು ತಂದು, ಗೃಹಕೃತ್ಯದಿಂದ ಗ್ರಹಕೃತ್ಯಕ್ಕೆ ನನಗೆ ನಾನೇ ಬಡ್ತಿ ಕೊಟ್ಟುಕೊಂಡಿದ್ದೆ. ಕುಕ್ಕರನ್ನು ಒಲೆಗೇರಿಸುವುದು, ಅದು ಕೂಗುವವರೆಗೆ ವಿಶ್ವವನ್ನು ನೋಡುವುದು.

ನಗಬೇಡಿ. ಆ ಕೊಳವೆಗೆ ಕಣ್ಣಿಟ್ಟ ಮೊದಲ ಸಂಜೆ ನಾನು ಅತ್ತುಬಿಟ್ಟಿದ್ದೆ. ಆಗ ನನ್ನ ಕಣ್ಣಿಗೆ ಬಿದ್ದ ಬೆಳಕು ನನ್ನ ಅಜ್ಜಿಯ ಅಜ್ಜಿ ಹುಟ್ಟುವ ಮೊದಲೇ ಹೊರಟದ್ದಂತೆ. ಅಷ್ಟು ದೂರ, ಅಷ್ಟು ಕತ್ತಲು ದಾಟಿ, ದಾರಿಯಲ್ಲಿ ಯಾರಿಗೂ ಸಿಕ್ಕದೆ, ಕೊನೆಗೆ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತ ಒಬ್ಬ ಹೆಂಗಸಿನ ಕಣ್ಣಿಗೆ ಬಂದು ಸೇರಿತಲ್ಲ! ನನ್ನನ್ನು ನೋಡಲು ಯಾರೂ ಅಷ್ಟು ದೂರದಿಂದ ಬಂದದ್ದಿಲ್ಲ.

ಮೊನ್ನೆ, ನೀರಿನ ತೊಟ್ಟಿಯ ಮೇಲ್ಗಡೆ, ಅದು ಕಂಡಿತು. ಬಾಲವಿರುವ ನಕ್ಷತ್ರ. ಧೂಮಕೇತು! (ಅಕ್ಕಪಕ್ಕದ ನಕ್ಷತ್ರಗಳಿಗೂ ಚೂರುಪಾರು ಬಾಲವಿತ್ತು. ವಿಶ್ವವೇ ವಿಚಿತ್ರ ಎಂದು ಅವನ್ನು ಉದಾರವಾಗಿ ಬಿಟ್ಟುಬಿಟ್ಟೆ.)

ಹೊಸ ಧೂಮಕೇತುವಿಗೆ ಅದನ್ನು ಮೊದಲು ಕಂಡವರ ಹೆಸರನ್ನೇ ಇಡುತ್ತಾರೆ. ಈ ಸಂಗತಿ ನನ್ನ ನಿದ್ದೆ ಕೆಡಿಸಿತು. ಬೀದಿಗೆಲ್ಲ ನಾನು ಕನ್ನಡಕದಂಗಡಿಯವರ ಹೆಂಡತಿ. ನಾದಿನಿಗೆ ಅತ್ತಿಗೆ. ಯಜಮಾನರಿಗೆ, ಮದುವೆಯಾದಂದಿನಿಂದಲೂ, 'ಇವಳೇ'. ನನ್ನ ಪೂರ್ತಿ ಹೆಸರನ್ನು ಕೊನೆಯ ಸಲ ಗಟ್ಟಿಯಾಗಿ ಕೂಗಿದವರು ಕಾನ್ವೆಂಟಿನಲ್ಲಿ ಹಾಜರಿ ಹಾಕುತ್ತಿದ್ದ ಸಿಸ್ಟರು; ಅವತ್ತೂ ನಾನು ಕಿಟಕಿಯಾಚೆ ನೋಡುತ್ತ ಕೂತು ಗೈರುಹಾಜರಾದೆ. ಈಗ ಆ ಹೆಸರು ಬಾಲಸಮೇತ ಸೂರ್ಯನನ್ನು ಸುತ್ತಲಿತ್ತು!

ಆದರೆ ತಾರಾಲಯದವರಿಗೆ ತಿಳಿಸುವ ಮೊದಲು ಇನ್ನೊಬ್ಬರ ಸಾಕ್ಷಿ ಬೇಕಲ್ಲ. ಕ್ರೇನಿನ ಪ್ರಸಂಗವಾದ ಮೇಲೆ ನಾದಿನಿಯನ್ನು ಕರೆಯುವ ಮುಖ ನನಗಿರಲಿಲ್ಲ. ನಿನ್ನೆ ಯಜಮಾನರು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಮೇಲಿಂದ ಕೂಗಿದೆ.

"ರೀ, ಬೇಗ ಬನ್ನಿ! ತಪ್ಪಿಸ್ಕೊಂಡು ಹೋಗ್ಬಿಡತ್ತೆ!"

"ಯಾವುದೇ, ಬೆಕ್ಕಾ?"

"ಧೂಮಕೇತೂರೀ!"

ಬಂದರು. ಮೊದಲು ಜೇಬಿನಿಂದ ಬಟ್ಟೆ ತೆಗೆದು ಗಾಜು ಒರೆಸಿದರು. (ಸ್ವರ್ಗದ ಬಾಗಿಲು ತೆರೆದರೂ ಈ ಮನುಷ್ಯ ಮೊದಲು ಅದರ ಗಾಜು ಒರೆಸುತ್ತಾರೆ.) ಆಮೇಲೆ ಕಣ್ಣಿಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಕೆಳಗೆ ಕುಕ್ಕರು ಕೂಗಿತು, ಅಲುಗಲಿಲ್ಲ. ಇಷ್ಟು ವರ್ಷಗಳ ಸಂಸಾರದಲ್ಲಿ ನಾವಿಬ್ಬರೂ ಒಂದೇ ವಿಸ್ಮಯದ ಮುಂದೆ ನಿಂತದ್ದು ಇದೇ ಮೊದಲು ಅನ್ನಿಸಿತು.

"ಬಾಲ ಯಾವ ಕಡೆಗಿದೆ ನಿನಗೆ?" ಮೆಲ್ಲಗೆ ಕೇಳಿದರು.

"ಎಡಗಡೆ, ಮೇಲಕ್ಕೆ. ನಿಮಗೆ?"

"ಬಾ, ನೀನೇ ನೋಡು. ನೋಡ್ತಾ ನೋಡ್ತಾ ತಲೆ ಓರೆ ಮಾಡು."

ಮಾಡಿದೆ. ಬಾಲವೂ ಓರೆಯಾಯಿತು. ಇನ್ನೊಂದು ಕಡೆಗೆ ವಾಲಿದೆ, ಅದೂ ವಾಲಿತು. ಕೋಟ್ಯಂತರ ಮೈಲಿ ಆಚೆಯ ಆಕಾಶಕಾಯವೊಂದು, ಮನೆಯವರನ್ನು ಕಂಡ ನಾಯಿಯ ಹಾಗೆ, ನನ್ನನ್ನು ಕಂಡು ಬಾಲ ಅಲ್ಲಾಡಿಸುತ್ತಿತ್ತು.

"ನಿನಗೆ ಸಿಲಿಂಡರ್ ಬಂದಿದೆ," ಎಂದರು ಯಜಮಾನರು.

"ಬುಕ್ ಮಾಡೇ ಇಲ್ವಲ್ರೀ!"

"ಗ್ಯಾಸ್ ಅಲ್ವೇ, ಕಣ್ಣಿಗೆ! ಕಣ್ಣುಗುಡ್ಡೆ ಉಬ್ಬು ಒಂಚೂರು ಸೊಟ್ಟಗಿದ್ರೆ ಚುಕ್ಕೆ ಗೆರೆ ಥರ ಕಾಣತ್ತೆ. ಅದಕ್ಕೆ ಹಾಕೋ ಗಾಜಿಗೆ ನಾವು ಸಿಲಿಂಡರ್ ಅಂತೀವಿ. ಅಂಗಡಿಗೆ ಬಾ, ಪರೀಕ್ಷೆ ಮಾಡ್ತೀನಿ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ? 'ನನ್ನ ಕಣ್ಣಿಗೇನು ಧಾಡಿ' ಅಂದೆ."

ಅಂದಿದ್ದೆ, ಇದೇ ಮಾತನ್ನೇ. ಹಿಂದಿನ ಬೀದಿಯ ಕ್ರೇನು ಹೌದು ಹೌದೆನ್ನುವಂತೆ ಕಿರ್ರೆಂದಿತು.

"ಮತ್ತೆ ನೀವು ಅಷ್ಟು ಹೊತ್ತು ಏನು ನೋಡ್ತಿದ್ರಿ?"

"ಬಾಲ ಹುಡುಕ್ತಿದ್ದೆ. ನೀನು ಅಷ್ಟು ಆಸೆಯಿಂದ ಕರೆದಿದ್ದೆಯಲ್ಲ."

ತಂತಿಯ ಕೆಳಗೆ ಹಾಗೇ ಕುಸಿದು ಕೂತೆ. ತಲೆಯ ಮೇಲೆ ಹರಡಿದ್ದ ಅಷ್ಟೂ ನಕ್ಷತ್ರಗಳಿಗೆ ಬೇರೆ ಯಾರ‍್ಯಾರೋ ಇಟ್ಟ ಹೆಸರುಗಳಿದ್ದವು.

"ಅಂದ್ರೆ, ಇಷ್ಟು ದೊಡ್ಡ ಆಕಾಶದಲ್ಲಿ ನಂದು ಅಂತ ಒಂದೂ ಇಲ್ವೇನ್ರೀ?"

ಯಜಮಾನರು ಮತ್ತೊಮ್ಮೆ ಕೊಳವೆಗೆ ಕಣ್ಣಿಟ್ಟು, ಗಿರಾಕಿಗೆ ತಪ್ಪು ನಂಬರು ಬರೆದುಕೊಡಬಾರದೆನ್ನುವ ಶ್ರದ್ಧೆಯಿಂದ ಯೋಚಿಸಿದರು.

"ಇದೆಯಲ್ಲೇ. ನಕ್ಷತ್ರ ಊರಿಗೆಲ್ಲ ಸೇರಿದ್ದು. ಬಾಲ ಪೂರ್ತಿ ನಿಂದೇ."